29 ವಾರದ ಗರ್ಭಿಣಿಗೆ ಎಚ್1ಎನ್1 ನ್ಯುಮೋನಿಯಾ: ಈಗಲೇ ಹೆರಿಗೆ ಮಾಡಿಸಿದರೆ ಉಸಿರಾಟ ಸುಧಾರಿಸುತ್ತದೆಯೇ?

ಪ್ರಶ್ನೆ: ಸಾಗರದ ಅಣ್ಣ

ನನ್ನ ತಂಗಿ ಚೊಚ್ಚಲ ಗರ್ಭಿಣಿ; ಇದು 29ನೆಯ ವಾರ. ಸೀಮಂತ ಮುಗಿಸಿಕೊಂಡು ಸಾಗರ ತಾಲ್ಲೂಕಿನ ತವರಿಗೆ ಬಂದ ಸ್ವಲ್ಪ ದಿನಕ್ಕೆ ಜ್ವರ, ಮೈಕೈ ನೋವು, ಒಣಕೆಮ್ಮು ಶುರುವಾದವು. ಮಳೆಗಾಲದ ಥಂಡಿಯಿರಬೇಕೆಂದು ಮನೆಯಲ್ಲಿ ಶುಂಠಿ, ಕಾಳುಮೆಣಸಿನ ಕಷಾಯ ಮಾಡಿ ಕೊಟ್ಟರು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಪ್ಯಾರಾಸಿಟಮಾಲ್ ಮತ್ತು ಕೆಮ್ಮಿನ ಸಿರಪ್ ಬರೆದುಕೊಟ್ಟು, ಬಸುರಿಯಾದ್ದರಿಂದ ಹೆಚ್ಚು ಔಷಧಿ ಬೇಡವೆಂದು ಹೇಳಿ ಕಳುಹಿಸಿದರು. ಮೂರ್ನಾಲ್ಕು ದಿನ ಕಳೆಯುವಷ್ಟರಲ್ಲಿ ಒಳಮನೆಯಿಂದ ಜಗುಲಿಗೆ ನಡೆದು ಬಂದರೆ ಸಾಕು, ಒಂದು ಮಾತನ್ನು ಪೂರ್ತಿ ಆಡಲಾಗದಷ್ಟು ಏದುಸಿರು ಬರತೊಡಗಿತು. ಪಲ್ಸ್ ಆಕ್ಸಿಮೀಟರ್ 91 ತೋರಿಸಿತು. 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಅಲ್ಲಿಂದ ಆಕ್ಸಿಜನ್ ಹಾಕಿಕೊಂಡೇ ಶಿವಮೊಗ್ಗಕ್ಕೆ ಕರೆತಂದೆವು.

ಈಗ ಐಸಿಯುನಲ್ಲಿದ್ದಾಳೆ. ಗಂಟಲದ್ರವದ ಪರೀಕ್ಷೆಯಲ್ಲಿ ಎಚ್1ಎನ್1, ಅಂದರೆ ಹಂದಿಜ್ವರದ ಫ್ಲೂ, ಇದೆಯೆಂದು ಬಂದಿದೆ. ಎಕ್ಸ್-ರೇಯಲ್ಲಿ ಎರಡೂ ಶ್ವಾಸಕೋಶಗಳ ಕೆಳಭಾಗದಲ್ಲಿ ಬಿಳಿಯ ಮಚ್ಚೆಗಳಿವೆ. ಫ್ಲೂ ವೈರಸ್ ವಿರುದ್ಧದ ಓಸೆಲ್ಟಮಿವಿರ್ ಜೊತೆಗೆ ಎರಡು ಆಂಟಿಬಯಾಟಿಕ್ ನಡೆಯುತ್ತಿವೆ. ಮೂಗಿನ ಮೂಲಕ ಹೈ ಫ್ಲೋ ಆಕ್ಸಿಜನ್ ಕೊಡುತ್ತಿದ್ದಾರೆ. ಆಕ್ಸಿಮೀಟರ್ 93 ಇದ್ದರೂ ವೈದ್ಯರು ಸಾಲದೆನ್ನುತ್ತಾರೆ. ಕೊರೊನಾ ಕಾಲದಲ್ಲಿ ಅಷ್ಟಿದ್ದವರು ಮನೆಯಲ್ಲೇ ಗುಣವಾದರಲ್ಲ ಎಂದು ನಮ್ಮವರು ಕೇಳುತ್ತಾರೆ. ಅಗತ್ಯ ಬಿದ್ದರೆ ಸಿಟಿ ಸ್ಕ್ಯಾನ್ ಮತ್ತು ಹೃದಯದ ಎಕೋ ಮಾಡಬೇಕಾಗಬಹುದು ಎಂದೂ ತಿಳಿಸಿದ್ದಾರೆ.

ಮನೆಯಲ್ಲಿ ಎರಡು ಪಂಗಡಗಳಾಗಿವೆ. ಇಷ್ಟೊಂದು ಔಷಧಿ, ಎಕ್ಸ್-ರೇಗಳಿಂದ ಮಗುವಿಗೆ ಅಂಗವೈಕಲ್ಯವಾದೀತು ಎಂದು ನನ್ನ ತಾಯಿ ಅಳುತ್ತಿದ್ದಾರೆ. ತಂಗಿಯ ಗಂಡನ ಮನೆಯ ಹಿರಿಯರು, ಸಿಸೇರಿಯನ್ ಮಾಡಿ ಮಗುವನ್ನು ಹೊರತೆಗೆದರೆ ಹೊಟ್ಟೆಯ ಭಾರ ಇಳಿದು ತಾಯಿಗೆ ಉಸಿರು ಸರಾಗವಾಗುತ್ತದೆ, ಹಾಗೆಂದು ಬರೆದುಕೊಟ್ಟುಬಿಡೋಣ ಎನ್ನುತ್ತಾರೆ. ವೈದ್ಯರು ಸದ್ಯಕ್ಕೆ ಹೆರಿಗೆ ಬೇಡವೆಂದಿದ್ದಾರೆ. ಆದರೆ ಅವರ ಬಳಿ ಮಾತಿಗೆ ಸಿಗುವುದು ಐದು ನಿಮಿಷ. ಈ ವಿಷಯ ಬಲ್ಲವರು ಸ್ವಲ್ಪ ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕರಾವಳಿಯ ಎದೆರೋಗ ವೈದ್ಯ

ನಿಮ್ಮ ತಂಗಿಯನ್ನು ನಾನು ನೋಡಿಲ್ಲವಾದ್ದರಿಂದ, ಅಲ್ಲಿನ ತಂಡದ ನಿರ್ಧಾರದ ಮೇಲೆ ಇಲ್ಲಿಂದ ತೀರ್ಪು ಕೊಡಲಾರೆ. ಅವರು ಮಾಡುತ್ತಿರುವುದಕ್ಕೆ ಕಾರಣವೇನೆಂದು ಮಾತ್ರ ವಿವರಿಸುತ್ತೇನೆ.

ಮೊದಲು 93ರ ವಿಷಯ. ಗರ್ಭ ಬೆಳೆದಂತೆ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರ, ಸುಮಾರು ನಾಲ್ಕು ಸೆಂಟಿಮೀಟರ್ ಮೇಲಕ್ಕೆ ಸರಿಯುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ಪ್ರಮಾಣ ಐದನೆಯ ಒಂದು ಭಾಗದಷ್ಟು ಇಳಿಯುತ್ತದೆ. ದೇಹ ಬಳಸುವ ಆಕ್ಸಿಜನ್ ಮಾತ್ರ ಶೇಕಡಾ 20ರಷ್ಟೋ ಅದಕ್ಕಿಂತಲೂ ತುಸು ಹೆಚ್ಚೋ ಏರಿರುತ್ತದೆ. ಕಣಜ ಚಿಕ್ಕದಾಗಿ ಉಣ್ಣುವ ಬಾಯಿಗಳು ಹೆಚ್ಚಾದ ಸ್ಥಿತಿ ಇದು. ಆದ್ದರಿಂದ ಬೇರೆಯವರಲ್ಲಿ ನಿಧಾನವಾಗಿ ಇಳಿಯುವ ಆಕ್ಸಿಜನ್ ಮಟ್ಟ ಗರ್ಭಿಣಿಯಲ್ಲಿ ನೋಡುನೋಡುತ್ತಿದ್ದಂತೆ ಕುಸಿಯಬಹುದು. ಅದೂ ಅಲ್ಲದೆ ಗರ್ಭದಲ್ಲಿರುವ ಮಗು ತಾನೇ ಗಾಳಿಯನ್ನು ಉಸಿರಾಡಲಾರದು. ಮಾಸಿನ ಮೂಲಕ ತಾಯಿಯ ರಕ್ತದಿಂದಲೇ ಅದು ಆಕ್ಸಿಜನ್ ಪಡೆಯಬೇಕು. ಗರ್ಭಿಣಿಯರಲ್ಲಿ 95 ಅಥವಾ ಅದಕ್ಕಿಂತ ಮೇಲೆ ಇರಿಸಬೇಕೆಂಬ ಗುರಿ ಬಂದದ್ದು ಈ ಕಾರಣಗಳಿಂದ. ಕೊರೊನಾ ಕಾಲದ ಮನೆಯ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಕುಟುಂಬದವರ ಕಣ್ಣಿಗೆ ಬೀಳದ ಇನ್ನೊಂದು ಸಂಖ್ಯೆಯನ್ನೂ ಹೇಳಬೇಕು. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಮಾಡುವ ಎಬಿಜಿ ಪರೀಕ್ಷೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಮಟ್ಟವೂ ಬರುತ್ತದೆ. ವರದಿಯ ಪಕ್ಕದಲ್ಲಿ 35ರಿಂದ 45 ಸಹಜವೆಂದು ಅಚ್ಚಾಗಿರುತ್ತದೆ. ಆದರೆ ಗರ್ಭಿಣಿಯರು ಹಾರ್ಮೋನಿನ ಪ್ರಭಾವದಿಂದ ಯಾವಾಗಲೂ ಆಳವಾಗಿ ಉಸಿರಾಡುವುದರಿಂದ ಅವರಿಗೆ ಸಹಜವಾದದ್ದು 28ರಿಂದ 32. ನ್ಯುಮೋನಿಯಾದಲ್ಲಿ ಏದುಸಿರು ಬಿಡುತ್ತಿರುವ ಗರ್ಭಿಣಿಯ ವರದಿಯಲ್ಲಿ 40 ಎಂದು ಕಂಡರೆ ಅದು ನೆಮ್ಮದಿಯ ಸಂಗತಿಯಲ್ಲ; ಉಸಿರಾಟದ ಸ್ನಾಯುಗಳು ದಣಿಯುತ್ತಿವೆ ಎಂಬುದರ ಸೂಚನೆ. ವೈದ್ಯರ ಐದು ನಿಮಿಷದಲ್ಲಿ ಒಂದೇ ಪ್ರಶ್ನೆ ಕೇಳುವ ಅವಕಾಶವಿದ್ದರೆ ಇದನ್ನೇ ಕೇಳಿ.

ನಿಮ್ಮ ತಾಯಿಯವರ ಆತಂಕ ಸಹಜವಾದದ್ದು, ಆದರೆ ಲೆಕ್ಕ ಅವರ ಕಡೆಗಿಲ್ಲ. ಎದೆಯ ಒಂದು ಎಕ್ಸ್-ರೇಯಿಂದ ಗರ್ಭಸ್ಥ ಶಿಶುವಿಗೆ ತಲುಪುವ ವಿಕಿರಣ ಸುಮಾರು 0.01 ಮಿಲಿಗ್ರೇ (ದೇಹ ಹೀರಿಕೊಳ್ಳುವ ವಿಕಿರಣದ ಅಳತೆ), ಬಹುತೇಕ ಅದಕ್ಕಿಂತಲೂ ಕಡಿಮೆ. ಎದೆಯ ಸಿಟಿ ಸ್ಕ್ಯಾನ್‌ನಲ್ಲಿಯೂ ಅದು ಒಂದು ಮಿಲಿಗ್ರೇ ದಾಟುವುದಿಲ್ಲ. ಶಿಶುವಿನ ಬೆಳವಣಿಗೆಗೆ ತೊಂದರೆಯಾದೀತೆಂಬ ಚಿಂತೆ ಆರಂಭವಾಗುವುದು 50 ಮಿಲಿಗ್ರೇ ಆಸುಪಾಸಿನಲ್ಲಿ. ಎಕೋ ಎಂಬುದು ಅಲ್ಟ್ರಾಸೌಂಡ್. ಅದರಲ್ಲಿ ವಿಕಿರಣವೇ ಇಲ್ಲ. ಎಕೋ ಕೇಳಿದ್ದು ಒಳ್ಳೆಯದೇ ಆಯಿತು. ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿದ್ದರೂ ಗೊತ್ತೇ ಆಗದೆ ಬೆಳೆದ ಹೆಣ್ಣುಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ, ಮತ್ತು ರಕ್ತದ ಹರಿವು ಗರಿಷ್ಠ ಮಟ್ಟಕ್ಕೆ ಏರುವ ಈ 28ರಿಂದ 32ನೆಯ ವಾರಗಳಲ್ಲಿಯೇ ಅವರಿಗೆ ಮೊದಲ ಬಾರಿಗೆ ದಮ್ಮು ಕಾಣಿಸಿಕೊಳ್ಳುತ್ತದೆ. ಎಕ್ಸ್-ರೇಯ ಬಿಳಿ ಮಚ್ಚೆಗಳೆಲ್ಲವೂ ಸೋಂಕಿನಿಂದಲೇ ಬಂದವೇ ಎಂದು ಖಚಿತಪಡಿಸಿಕೊಳ್ಳುವುದು ಹೀಗೆ.

ಇನ್ನು ಔಷಧಿಗಳು. ಓಸೆಲ್ಟಮಿವಿರ್ ಅನ್ನು 2009ರ ಹಂದಿಜ್ವರದ ಕಾಲದಿಂದ ಅಪಾರ ಸಂಖ್ಯೆಯ ಗರ್ಭಿಣಿಯರಿಗೆ ಕೊಡಲಾಗಿದೆ. ಮಗುವಿಗೆ ಹಾನಿಯಾಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. 75 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, ಐದು ದಿನ ಎಂಬುದು ವಾಡಿಕೆಯ ಪ್ರಮಾಣ. ಕಾಯಿಲೆ ತೀವ್ರವಾಗಿದ್ದರೆ ಇನ್ನೂ ಕೆಲವು ದಿನ ಮುಂದುವರಿಸುತ್ತಾರೆ. 2009ರ ಆ ಅಲೆಯಲ್ಲಿ ಅಮೆರಿಕದ ಜನಸಂಖ್ಯೆಯ ಶೇಕಡಾ ಒಂದರಷ್ಟಿದ್ದ ಗರ್ಭಿಣಿಯರು ಆ ಜ್ವರದಿಂದ ಸತ್ತವರಲ್ಲಿ ಶೇಕಡಾ ಐದರಷ್ಟಿದ್ದರು. ಲಕ್ಷಣ ಕಾಣಿಸಿದ ಎರಡು ದಿನಗಳೊಳಗೆ ಔಷಧಿ ಆರಂಭಿಸಿದವರಿಗೆ ಹೋಲಿಸಿದರೆ, ನಾಲ್ಕು ದಿನ ಕಳೆದ ಮೇಲೆ ಆರಂಭಿಸಿದ ಗರ್ಭಿಣಿಯರು ಐಸಿಯು ಸೇರುವ ಸಾಧ್ಯತೆ ಸುಮಾರು ಆರು ಪಟ್ಟು ಹೆಚ್ಚಿತ್ತು ಎಂದು ಅಲ್ಲಿನ ದಾಖಲೆಗಳಿಂದ ಗೊತ್ತಾಯಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಎ, ಬಿ, ಸಿ ಎಂದು ರೋಗಿಗಳನ್ನು ವಿಂಗಡಿಸುವಾಗ ಫ್ಲೂ ಲಕ್ಷಣವಿರುವ ಗರ್ಭಿಣಿಯರನ್ನು ಬಿ ಗುಂಪಿಗೆ ಸೇರಿಸಿ, ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಈ ಮಾತ್ರೆ ಕೊಡಬಹುದೆಂದು ಹೇಳಿದೆ. ಬಸುರಿಗೆ ಔಷಧಿ ಬೇಡವೆಂದು ಕಳುಹಿಸುವುದು ಎಚ್ಚರಿಕೆಯಂತೆ ಕಾಣುತ್ತದೆ, ಆದರೆ ಫ್ಲೂ ವಿಷಯದಲ್ಲಿ ಅದರ ಪರಿಣಾಮ ನೇರವಾಗಿ ವಿರುದ್ಧ. ತಡವಾದರೂ ಐಸಿಯುನಲ್ಲಿರುವವರಿಗೆ ಕೊಟ್ಟರೆ ಪ್ರಯೋಜನವಿದೆ. ಆದ್ದರಿಂದ ಆ ಬಗ್ಗೆ ಈಗ ಕೊರಗಬೇಡಿ.

ಫ್ಲೂ ಬಂದ ಶ್ವಾಸಕೋಶಕ್ಕೆ ನ್ಯುಮೊಕಾಕಸ್, ಸ್ಟ್ಯಾಫಿಲೊಕಾಕಸ್ ಮುಂತಾದ ಬ್ಯಾಕ್ಟೀರಿಯಾಗಳು ಸುಲಭವಾಗಿ ಅಂಟಿಕೊಳ್ಳುತ್ತವೆ ಎಂಬ ಕಾರಣಕ್ಕೆ ಆಂಟಿಬಯಾಟಿಕ್. ಸೆಫ್ಟ್ರಿಯಾಕ್ಸೋನ್, ಅಜಿತ್ರೊಮೈಸಿನ್ ಗರ್ಭಿಣಿಯರಿಗೆ ಬಳಕೆಯಲ್ಲಿರುವ ಔಷಧಿಗಳೇ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೆನ್ ಬೇಡ.

ಉತ್ತರ: ಹುಬ್ಬಳ್ಳಿಯ ಐಸಿಯು ಶುಶ್ರೂಷಕಿ

ವೈದ್ಯರು ಬರೆದದ್ದಕ್ಕೆ ನಾನು ಸೇರಿಸುವುದು ಹಾಸಿಗೆಯ ಪಕ್ಕದ ಸಂಗತಿಗಳು. ಭೇಟಿಯ ಸಮಯದಲ್ಲಿ ಒಳಗೆ ಹೋದಾಗ ಇವು ನಿಮಗೆ ಅರ್ಥವಾಗಲಿ ಎಂದು ಬರೆಯುತ್ತಿದ್ದೇನೆ.

ಅವರನ್ನು ಅಂಗಾತ ಮಲಗಿಸಿರುವುದಿಲ್ಲ. ಇಪ್ಪತ್ತು ವಾರ ದಾಟಿದ ಗರ್ಭಕೋಶ ಅಂಗಾತ ಮಲಗಿದಾಗ ಬೆನ್ನುಮೂಳೆಯ ಬಳಿಯ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ತಾಯಿಯ ಬಿಪಿ ಮತ್ತು ಮಗುವಿನ ಎದೆಬಡಿತ ಎರಡೂ ಇಳಿಯಬಹುದು. ಹಾಗಾಗಿ ತಲೆಯ ಕಡೆ ಹಾಸಿಗೆ ಎತ್ತರಿಸಿ, ಬಲಸೊಂಟದ ಕೆಳಗೆ ಮಡಚಿದ ಹೊದಿಕೆಯನ್ನೋ ದಿಂಬನ್ನೋ ತುರುಕಿ ದೇಹವನ್ನು ಎಡಕ್ಕೆ ವಾಲಿಸುತ್ತೇವೆ. ಕೆಲವೊಮ್ಮೆ ಬೋರಲಾಗಿಯೂ ಮಲಗಿಸುತ್ತೇವೆ. ಏಳು ತಿಂಗಳ ಹೊಟ್ಟೆಯವಳನ್ನು ಬೋರಲು ಮಲಗಿಸುವುದೇ ಎಂದು ಹೊರಗಿನವರು ಹೌಹಾರುತ್ತಾರೆ. ಆದರೆ ಎದೆಯ ಕೆಳಗೆ ಒಂದು, ಸೊಂಟದ ಕೆಳಗೆ ಒಂದು ಎತ್ತರದ ದಿಂಬಿಟ್ಟು, ನಡುವೆ ಹೊಟ್ಟೆ ಯಾವುದಕ್ಕೂ ತಾಗದಂತೆ ಜೋಲಲು ಜಾಗ ಬಿಟ್ಟರೆ ಬಹಳಷ್ಟು ಮಂದಿಗೆ ಹಿಂಭಾಗದ ಶ್ವಾಸಕೋಶ ತೆರೆದುಕೊಂಡು ಆಕ್ಸಿಜನ್ ಮಟ್ಟ ಏರುತ್ತದೆ. ಈ ಹೊತ್ತಿನಲ್ಲಿ ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ನೋಡುತ್ತಲೇ ಇರುತ್ತೇವೆ.

ನೀವು ಮಾಡಬೇಕಾದ ಕೆಲಸವೆಂದರೆ ಅವರನ್ನು ಮಾತನಾಡಿಸದೆ ಇರುವುದು. ಒಂದು ನಿಮಿಷ ಪೂರ್ತಿ ಎದೆಯ ಏರಿಳಿತ ನೋಡುತ್ತ ಉಸಿರಿನ ಎಣಿಕೆ ಮಾಡಿ. ಬಸುರಿಯಲ್ಲಿ ಉಸಿರು ಆಳವಾಗುತ್ತದೆಯೇ ಹೊರತು ಎಣಿಕೆ ಹೆಚ್ಚಾಗುವುದಿಲ್ಲ. ಇಪ್ಪತ್ತೆರಡು, ಇಪ್ಪತ್ತನಾಲ್ಕು ಎಂದು ಏರುತ್ತಿದ್ದರೆ ಕಾಯಿಲೆಯ ಬಿಸಿಯೆಂದೇ ತಿಳಿಯಬೇಕು, ಮೂವತ್ತು ಮುಟ್ಟಿದರೆ ಗಂಭೀರ. ಬೆರಳಿಗೆ ಸೀಮಂತದ ನೇಲ್ ಪಾಲಿಶ್ ಉಳಿದಿದ್ದರೆ ಒರೆಸಿ; ಬೆರಳು ತಣ್ಣಗಿದ್ದರೂ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ.

ಇನ್ನೊಂದು ವಿಷಯವನ್ನು ಕಟುವಾಗಿಯೇ ಹೇಳುತ್ತೇನೆ. ನಮ್ಮ ಕಣ್ಣು ತಪ್ಪಿಸಿ ಗಂಜಿ ಕುಡಿಸಬೇಡಿ. ಅಂಥ ರೋಗಿಗೆ ಯಾವ ಗಳಿಗೆಯಲ್ಲಾದರೂ ಗಂಟಲಿಗೆ ಕೊಳವೆ ಹಾಕಬೇಕಾಗಿ ಬರಬಹುದು. ಬಸುರಿಯರಲ್ಲಿ ಹೊಟ್ಟೆಯ ಆಹಾರ ಮೇಲಕ್ಕೆ ಬರುವುದು ಸುಲಭ; ಗಂಟಲಿನ ಒಳಪದರ ಊದಿಕೊಂಡಿರುವುದರಿಂದ ಕೊಳವೆ ಹಾಕುವುದೂ ಕಷ್ಟ. ಹೊಟ್ಟೆ ತುಂಬಿದ್ದರೆ ಅದು ಶ್ವಾಸಕೋಶಕ್ಕೇ ಇಳಿದೀತು. ಏನು ಕೊಡಬಹುದೆಂದು ಕೇಳಿಕೊಂಡೇ ಕೊಡಿ. ವೆಂಟಿಲೇಟರ್ ಎಂದೊಡನೆ ಎಲ್ಲ ಮುಗಿಯಿತೆಂದು ಒಪ್ಪಿಗೆಗೆ ಗಂಟೆಗಟ್ಟಲೆ ತಡ ಮಾಡಬೇಡಿ. ಅರಿವಳಿಕೆ ತಜ್ಞರು ಸಿದ್ಧರಾಗಿ ಹಗಲಿನಲ್ಲಿ ಸಾವಧಾನವಾಗಿ ಹಾಕುವ ಕೊಳವೆಗೂ, ನಡುರಾತ್ರಿ 80ಕ್ಕೆ ಕುಸಿದ ಮೇಲೆ ಓಡಿಬಂದು ಹಾಕುವ ಕೊಳವೆಗೂ ಬಹಳ ಅಂತರವಿದೆ. ಹೊಟ್ಟೆಗೋ ತೊಡೆಗೋ ಕೊಡುವ ಸಣ್ಣ ಚುಚ್ಚುಮದ್ದು ರಕ್ತ ಹೆಪ್ಪುಗಟ್ಟದಿರಲು, ಮಗುವಿಗಲ್ಲ.

ಉತ್ತರ: ಚಿಕ್ಕಮಗಳೂರಿನ ಹಿರಿಯ ಓದುಗ

ವೈದ್ಯರ ಮಾತನ್ನು ತೆಗೆದುಹಾಕುವ ಉದ್ದೇಶ ನನಗಿಲ್ಲ. ಆದರೆ 2021ರ ಮೇ ತಿಂಗಳಲ್ಲಿ ನಮ್ಮ ಸಂಬಂಧಿಕರ ಮಗಳೊಬ್ಬಳಿಗೆ ಕೊರೊನಾ ನ್ಯುಮೋನಿಯಾ ಆದಾಗ ಸಿಸೇರಿಯನ್ ಮಾಡಿದರು. ಆಮೇಲೆ ಅವಳು ಚೇತರಿಸಿಕೊಂಡಳು, ಮಗುವೂ ಚೆನ್ನಾಗಿದೆ. ಅವಳಿಗೆ ಸ್ಟೆರಾಯ್ಡ್ ಕೂಡ ಕೊಟ್ಟಿದ್ದರು. ಈ ಹುಡುಗಿಗೆ ಅವೆರಡನ್ನೂ ಏಕೆ ಮಾಡುತ್ತಿಲ್ಲ? ಎರಡು ದಿನದಿಂದ ಸರಿಯಾಗಿ ಊಟವಿಲ್ಲದವಳಿಗೆ ಎರಡು ಬಾಟಲಿ ಗ್ಲೂಕೋಸ್ ಏರಿಸಿದರೆ ಶಕ್ತಿಯಾದರೂ ಬರುವುದಿಲ್ಲವೇ?

ಉತ್ತರ: ಮೈಸೂರಿನ ಪ್ರಸೂತಿ ವೈದ್ಯೆ

ಹಿರಿಯರ ಪ್ರಶ್ನೆಗಳು ಐಸಿಯು ಹೊರಗೆ ಪ್ರತಿದಿನ ಕೇಳಿಬರುವಂಥವೇ. ಆದ್ದರಿಂದ ಮೂರಕ್ಕೂ ಉತ್ತರಿಸುತ್ತೇನೆ.

ಹೆರಿಗೆಯಿಂದ ವಪೆಗೆ ಸ್ವಲ್ಪ ಜಾಗ ಸಿಗುವುದೂ, ಆಕ್ಸಿಜನ್ ಬೇಡಿಕೆ ಸ್ವಲ್ಪ ಇಳಿಯುವುದೂ ನಿಜ. ಆದರೆ ರೋಗವಿರುವುದು ಶ್ವಾಸಕೋಶದ ಗಾಳಿಗೂಡುಗಳಲ್ಲಿ. ಗರ್ಭಕೋಶ ಬರಿದಾದ ಮಾತ್ರಕ್ಕೆ ಅಲ್ಲಿನ ಉರಿಯೂತವೂ ದ್ರವವೂ ಹೋಗುವುದಿಲ್ಲ. ವೆಂಟಿಲೇಟರ್‌ನಲ್ಲಿದ್ದ ಗರ್ಭಿಣಿಯರಿಗೆ ಹೆರಿಗೆ ಮಾಡಿಸಿದ ಮೇಲೆ ಕಂಡ ಸುಧಾರಣೆ ಸಾಮಾನ್ಯವಾಗಿ ಅಲ್ಪ, ಎಲ್ಲರಲ್ಲೂ ಒಂದೇ ರೀತಿಯದೂ ಅಲ್ಲ. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಖಚಿತ: ಆಕ್ಸಿಜನ್ ಕಡಿಮೆಯಿರುವ ದೇಹಕ್ಕೆ ಅರಿವಳಿಕೆ, ಶಸ್ತ್ರಚಿಕಿತ್ಸೆಯ ರಕ್ತಸ್ರಾವ, ಮತ್ತು ಮಗು ಹೊರಬಂದ ತಕ್ಷಣ ಸಂಕುಚಿಸುವ ಗರ್ಭಕೋಶದಿಂದ ಒಮ್ಮೆಲೇ ರಕ್ತಪರಿಚಲನೆಗೆ ಮರಳುವ ರಕ್ತ. ಈ ಕೊನೆಯದನ್ನು ಆರೋಗ್ಯವಂತ ಶ್ವಾಸಕೋಶ ತಾಳಿಕೊಳ್ಳುತ್ತದೆ. ಸೋಂಕಿತ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ನಿಮ್ಮ ಸಂಬಂಧಿಕರ ಮಗಳು ಸಿಸೇರಿಯನ್ ಆದ ನಂತರ ಚೇತರಿಸಿಕೊಂಡರು ಎಂಬುದು ಸಂತೋಷದ ವಿಷಯ, ಆದರೆ ಸಿಸೇರಿಯನ್‌ನಿಂದಲೇ ಚೇತರಿಸಿಕೊಂಡರು ಎಂದು ಅದರಿಂದ ಹೇಳಲಾಗದು. ಅವರು ಆಗ ಎಷ್ಟನೆಯ ವಾರದಲ್ಲಿದ್ದರು ಎಂಬುದೂ ಮುಖ್ಯ.

ಏಕೆಂದರೆ ಮಗುವಿನ ಲೆಕ್ಕವೂ ಇದೆ. 29 ವಾರದ ಶಿಶುವಿನ ತೂಕ ಹೆಚ್ಚುಕಡಿಮೆ ಒಂದೂಕಾಲು ಕಿಲೋ. ಅದರ ಶ್ವಾಸಕೋಶಗಳಲ್ಲಿ ಗಾಳಿಗೂಡುಗಳನ್ನು ಮುಚ್ಚಿಕೊಳ್ಳದಂತೆ ತೆರೆದಿಡುವ ಸರ್ಫ್ಯಾಕ್ಟಂಟ್ ಎಂಬ ದ್ರವ್ಯ ಸಾಕಷ್ಟು ಉತ್ಪತ್ತಿಯಾಗಿರುವುದಿಲ್ಲ. ಇಂದು ಹುಟ್ಟಿದರೆ ವಾರಗಟ್ಟಲೆ ಎನ್ಐಸಿಯು (ನವಜಾತ ಶಿಶುಗಳ ಐಸಿಯು) ವಾಸ, ಪ್ರಾಯಶಃ ಅದಕ್ಕೂ ಉಸಿರಾಟದ ಯಂತ್ರ. ತಾಯಿಯ ಆಕ್ಸಿಜನ್ 95ರ ಮೇಲೆ ನಿಂತಿದ್ದು, ಮಗುವಿನ ಎದೆಬಡಿತ ಸರಿಯಾಗಿದ್ದರೆ, ಅದಕ್ಕೆ ಗರ್ಭಕ್ಕಿಂತ ಉತ್ತಮವಾದ ಜಾಗ ಯಾವ ಆಸ್ಪತ್ರೆಯಲ್ಲೂ ಇಲ್ಲ. ಇದರ ಅರ್ಥ ಹೆರಿಗೆ ಎಂದಿಗೂ ಇಲ್ಲವೆಂದಲ್ಲ. ಮಗುವಿನ ಎದೆಬಡಿತ ಹದಗೆಟ್ಟು ಸುಧಾರಿಸದಿದ್ದರೆ, ಗರ್ಭ 32ರಿಂದ 34 ವಾರ ದಾಟಿದ್ದು ವೆಂಟಿಲೇಟರ್ ಮೇಲೂ ತಾಯಿ ಕುಸಿಯುತ್ತಿದ್ದರೆ, ಅಥವಾ ಹೆರಿಗೆ ನೋವು ತಾನಾಗಿ ಆರಂಭವಾದರೆ ನಿರ್ಧಾರ ಬದಲಾಗುತ್ತದೆ. ತಾಯಿಯ ಹೃದಯ ನಿಂತೇಹೋಗುವ ಅಪರೂಪದ ದುರ್ಘಟನೆಯಲ್ಲಿ ನಾಲ್ಕು ನಿಮಿಷಗಳೊಳಗೆ ಹೃದಯ ಮರಳದಿದ್ದರೆ ಹಾಸಿಗೆಯ ಮೇಲೆಯೇ ಸಿಸೇರಿಯನ್ ಆರಂಭಿಸಬೇಕೆಂಬ ನಿಯಮವೂ ಇದೆ, ಮತ್ತು ಅದು ಮೊದಲನೆಯದಾಗಿ ತಾಯಿಯನ್ನು ಉಳಿಸಿಕೊಳ್ಳಲು. ಅಂಥ ಸಾಮಾನನ್ನು ಐಸಿಯುನಲ್ಲಿ ತಂದಿಟ್ಟಿರುವುದನ್ನು ಕಂಡರೆ ಹೆದರಬೇಡಿ. ಅದು ಪೂರ್ವಸಿದ್ಧತೆ ಮಾತ್ರ.

ಸ್ಟೆರಾಯ್ಡ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಚಿಕಿತ್ಸೆಗಳಿವೆ. ಅಕಾಲ ಹೆರಿಗೆಯಾಗುವ ಸಂಭವವಿದ್ದಾಗ ಮಗುವಿನ ಶ್ವಾಸಕೋಶ ಬಲಿಯಲೆಂದು ಡೆಕ್ಸಾಮೆಥಸೋನ್ 6 ಮಿಲಿಗ್ರಾಂ ಅನ್ನು ಹನ್ನೆರಡು ಗಂಟೆಗೊಮ್ಮೆ ನಾಲ್ಕು ಬಾರಿ ಕೊಡುತ್ತೇವೆ. ಅದು ಮಾಸನ್ನು ದಾಟಿ ಮಗುವನ್ನು ತಲುಪಬೇಕು. ಕೊರೊನಾದಲ್ಲಿ ಕೊಟ್ಟದ್ದು ತಾಯಿಯ ಶ್ವಾಸಕೋಶಕ್ಕೆ; ಆಕ್ಸಿಜನ್ ಬೇಕಾದ ರೋಗಿಗಳಲ್ಲಿ ಅದು ಜೀವ ಉಳಿಸುತ್ತದೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗದಿಂದ ತಿಳಿಯಿತು. ಅದರಲ್ಲಿಯೂ ಗರ್ಭಿಣಿಯರಿಗೆ ಪ್ರೆಡ್ನಿಸೊಲೋನ್ ಆರಿಸಿಕೊಂಡರು, ಏಕೆಂದರೆ ಅದರ ಬಹುಭಾಗವನ್ನು ಮಾಸು ನಿಷ್ಕ್ರಿಯಗೊಳಿಸುತ್ತದೆ. ಫ್ಲೂ ನ್ಯುಮೋನಿಯಾದಲ್ಲಿ ಅಂಥ ಲಾಭ ಸಿದ್ಧವಾಗಿಲ್ಲ. ಸ್ಟೆರಾಯ್ಡ್ ಪಡೆದ ಫ್ಲೂ ರೋಗಿಗಳಲ್ಲಿ ಸಾವು ಹೆಚ್ಚಿದ್ದುದನ್ನು ಹಲವು ಅಧ್ಯಯನಗಳು ಗಮನಿಸಿವೆ. ಆಸ್ತಮಾದಂಥ ಬೇರೆ ಕಾರಣವಿದ್ದರೆ ಮಾತು ಬೇರೆ. ಒಂದು ವೈರಸ್‌ಗೆ ಕೆಲಸ ಮಾಡಿದ್ದನ್ನು ಇನ್ನೊಂದಕ್ಕೆ ಒತ್ತಾಯಿಸುವುದು ಅಪಾಯ.

ಗ್ಲೂಕೋಸ್ ಬಾಟಲಿಯ ಮೇಲಿನ ನಮ್ಮ ಜನರ ಭಕ್ತಿಯ ಬಗ್ಗೆ ಬೇರೆಯೇ ಬರೆಯಬಹುದು! ಗರ್ಭಿಣಿಯ ರಕ್ತ ಈಗಾಗಲೇ ತೆಳುವಾಗಿದ್ದು, ದ್ರವವನ್ನು ರಕ್ತನಾಳದೊಳಗೆ ಹಿಡಿದಿಡುವ ಪ್ರೋಟೀನ್ ಅಂಶ ಇಳಿದಿರುತ್ತದೆ. ಲೆಕ್ಕವಿಲ್ಲದೆ ಏರಿಸಿದ ದ್ರವ ಶ್ವಾಸಕೋಶಕ್ಕೇ ಸೋರುತ್ತದೆ. ಒಳಹೋದದ್ದನ್ನೂ ಮೂತ್ರವಾಗಿ ಹೊರಬಂದದ್ದನ್ನೂ ಗಂಟೆಗಂಟೆಗೆ ಬರೆದಿಡುವುದು ಇದಕ್ಕಾಗಿಯೇ.

ಪ್ರತಿಕ್ರಿಯೆ: ಸಾಗರದ ಅಣ್ಣ

ಎಲ್ಲರಿಗೂ ಕೃತಜ್ಞತೆಗಳು. ಎಬಿಜಿ ಬಗ್ಗೆ ಕೇಳಿದೆ. ಕಾರ್ಬನ್ ಡೈಆಕ್ಸೈಡ್ 31 ಇದೆಯಂತೆ. ಎಕೋದಲ್ಲಿ ಹೃದಯ ಸಹಜವಾಗಿದೆ. ನಿನ್ನೆಯಿಂದ ದಿಂಬುಗಳ ಸಹಾಯದಿಂದ ಬೋರಲು ಮಲಗಿಸುತ್ತಿದ್ದಾರೆ. 95, 96 ನಿಲ್ಲುತ್ತಿದೆ, ಸಿಟಿ ಸ್ಕ್ಯಾನ್ ಸದ್ಯಕ್ಕೆ ಬೇಡವೆಂದರು. ಪ್ರಸೂತಿ ವೈದ್ಯೆಯವರು ಬರೆದದ್ದನ್ನು ತಂಗಿಯ ಮಾವನವರಿಗೆ ಓದಿ ಹೇಳಿದೆ. ಪೂರ್ತಿ ಒಪ್ಪಿಲ್ಲ, ಆದರೆ ಬರೆದುಕೊಡುವ ಮಾತು ಬಿಟ್ಟಿದ್ದಾರೆ.

ಈಗ ಇನ್ನೊಂದು ಚಿಂತೆ ಹುಟ್ಟಿಕೊಂಡಿದೆ. ನನ್ನ ಹೆಂಡತಿ ಐದು ತಿಂಗಳ ಗರ್ಭಿಣಿ. ತಂಗಿಗೆ ಜ್ವರವಿದ್ದಾಗ ಆರೈಕೆ ಮಾಡಿದವಳು ಅವಳೇ. ಜ್ವರವಿಲ್ಲ, ಆದರೆ ಇಂದು ಬೆಳಿಗ್ಗೆಯಿಂದ ಗಂಟಲು ಕೆರೆತ ಎನ್ನುತ್ತಿದ್ದಾಳೆ. ಅವಳಿಗೆ ಲಸಿಕೆ ಹಾಕಿಸಬಹುದೇ?

ಉತ್ತರ: ಕರಾವಳಿಯ ಎದೆರೋಗ ವೈದ್ಯ

31 ಒಳ್ಳೆಯ ಸುದ್ದಿ.

ನಿಮ್ಮ ಹೆಂಡತಿಗೆ ಇಂದು ಬೇಕಾದದ್ದು ಲಸಿಕೆಯಲ್ಲ, ವೈದ್ಯರು. ಲಸಿಕೆಯಿಂದ ರಕ್ಷಣೆ ಬರಲು ಎರಡು ವಾರ ಬೇಕು, ಸೋಂಕು ಅಷ್ಟು ಕಾಯುವುದಿಲ್ಲ. ಮನೆಯಲ್ಲೇ ಎಚ್1ಎನ್1 ಖಚಿತವಾಗಿದೆ, ಅವರು ಗರ್ಭಿಣಿ, ಲಕ್ಷಣ ಆರಂಭವಾಗಿದೆ; ಈ ಮೂರನ್ನೂ ಹೇಳಿದರೆ ಬಹುತೇಕ ವೈದ್ಯರು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಓಸೆಲ್ಟಮಿವಿರ್‌ನ ಪೂರ್ಣ ಚಿಕಿತ್ಸೆ ಆರಂಭಿಸುತ್ತಾರೆ. ಲಕ್ಷಣವೇ ಇಲ್ಲದಿದ್ದರೆ ಮುಂಜಾಗ್ರತೆಯಾಗಿ ದಿನಕ್ಕೊಂದು ಮಾತ್ರೆ ಕೊಡುವ ಕ್ರಮವಿದೆ. ಔಷಧಿ ಅಂಗಡಿಯಿಂದ ನೀವೇ ತಂದು ಕೊಡಬೇಡಿ. ಆಕ್ಸಿಜನ್ ಮಟ್ಟ, ಉಸಿರಿನ ಎಣಿಕೆ ಮತ್ತು ಎದೆಯ ಸದ್ದನ್ನು ಒಬ್ಬರು ನೋಡಲೇಬೇಕು.

ಲಸಿಕೆಯನ್ನು ಚೇತರಿಸಿಕೊಂಡ ಮೇಲೆ ಹಾಕಿಸಿ. ಗರ್ಭದ ಯಾವ ತಿಂಗಳಲ್ಲಾದರೂ ಕೊಡಬಹುದಾದ್ದು ಚುಚ್ಚುಮದ್ದಿನ ರೂಪದ, ನಿಷ್ಕ್ರಿಯ ವೈರಸ್‌ನ ಲಸಿಕೆ. ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆ ಬೇಡ. ತಾಯಿ ಕಾರ್ಡಿನಲ್ಲಿ ಬರೆಯುವ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಚುಚ್ಚುಮದ್ದಿನಂತೆ ಇದು ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲವಾದ್ದರಿಂದ ಹಣ ಕೊಟ್ಟು ಹಾಕಿಸಿಕೊಳ್ಳಬೇಕಾಗುತ್ತದೆ. ಆರು ತಿಂಗಳೊಳಗಿನ ಶಿಶುವಿಗೆ ಫ್ಲೂ ಲಸಿಕೆ ಕೊಡುವಂತಿಲ್ಲ. ಅದಕ್ಕೆ ಸಿಗುವ ರಕ್ಷಣೆಯೆಲ್ಲ ಗರ್ಭದಲ್ಲಿರುವಾಗ ತಾಯಿಯಿಂದ ಬಂದ ಪ್ರತಿಕಾಯಗಳದ್ದು.

ಅಲ್ಲಿಯವರೆಗೆ ಅವರು ಐಸಿಯು ಭೇಟಿಗೆ ಬರುವುದು ಬೇಡ. ಜ್ವರ ಏರಿದರೆ, ಆಕ್ಸಿಮೀಟರ್ 95ಕ್ಕಿಂತ ಕೆಳಗಿಳಿದರೆ, ಒಂದು ವಾಕ್ಯ ಮುಗಿಸಲು ನಡುವೆ ಉಸಿರು ತೆಗೆದುಕೊಳ್ಳಬೇಕಾಗಿ ಬಂದರೆ ಅಥವಾ ಮಗುವಿನ ಅಲುಗಾಟ ಕಡಿಮೆಯಾಯಿತೆನಿಸಿದರೆ ಪೇಟೆಯ ಕ್ಲಿನಿಕ್ಕಿಗೆ ಹೋಗದೆ ನೇರವಾಗಿ ಹೆರಿಗೆ ಮತ್ತು ಐಸಿಯು ಎರಡೂ ಒಂದೇ ಕಡೆ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.